ಕಣ್ಣಿಗೆ ಕಂಡ ನಂಬಿಕೆ

ನಂಬಿಕೆ ಕಣ್ಣಿಗೆ ಕಾಣಿಸುತ್ತದೆಯೇ? ಮಕ್ಕಳನ್ನು ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: ‘ಇಲ್ಲ, ಅದು ಮನಸ್ಸಿನೊಳಗೆ ಇರುತ್ತೆ.’ ಆಗ ನಾನು ಅವರಿಗೆ ಮಾಳಿಗೆ ಒಡೆದ ನಾಲ್ವರ ಕಥೆ ಹೇಳುತ್ತೇನೆ. ಮತ್ತಾಯ, ಮಾರ್ಕ, ಲೂಕ ಮೂವರೂ ತಮ್ಮ ಸುವಾರ್ತೆಗಳಲ್ಲಿ ಈ ಘಟನೆಯನ್ನು ಬರೆದಿದ್ದಾರೆ. ನನಗೆ ಹೆಚ್ಚು ಇಷ್ಟವಾಗುವುದು ಮಾರ್ಕನ 2ನೇ ಅಧ್ಯಾಯದಲ್ಲಿ ಬರುವ ಕಥೆ. ಬಂದವರು ನಾಲ್ಕು ಮಂದಿ ಎಂದು ಲೆಕ್ಕ ಕೊಟ್ಟವನು ಅವನೊಬ್ಬನೇ.

ಕಥೆ ನಡೆಯುವುದು ಗಲಿಲಾಯದ ಕಪೆರ್ನೌಮ್ ಎಂಬ ಊರಿನಲ್ಲಿ. ಅದು ಇಂದಿನ ಇಸ್ರೇಲಿನ ಉತ್ತರ ಭಾಗ. ಊರಿನ ಮುಂದೆ ದೊಡ್ಡ ಸರೋವರ. ಜನ ಅದನ್ನು ಸಮುದ್ರ ಎಂದು ಕರೆದರೂ ಅದರ ನೀರು ಸಿಹಿ. ಉದ್ದ ಸುಮಾರು 21 ಕಿಲೋಮೀಟರ್. ಅದರ ದಡದಲ್ಲಿ ಮೀನು ಹಿಡಿಯುವವರ ಮನೆಗಳಿದ್ದವು. 1968ರಿಂದ ಕೊರ್ಬೊ ಮತ್ತು ಲೊಫ್ರೆದಾ ಎಂಬ ಇಬ್ಬರು ಫ್ರಾನ್ಸಿಸ್ಕನ್ ಪಾದ್ರಿಗಳು ಅಲ್ಲಿ ಉತ್ಖನನ ನಡೆಸಿದಾಗ ಕಪ್ಪು ಕಲ್ಲಿನ ಸಣ್ಣ ಸಣ್ಣ ಮನೆಗಳ ಗೋಡೆಗಳು ಬೆಳಕಿಗೆ ಬಂದವು. ಅಂಥ ಮನೆಗಳಿಗೆ ಮರದ ತೊಲೆ ಹಾಕಿ, ಮೇಲೆ ರೆಂಬೆ, ಜೊಂಡು ಹಾಸಿ, ಮಣ್ಣು ಮೆತ್ತಿ ಮಾಳಿಗೆ ಮಾಡುತ್ತಿದ್ದರು. ಹತ್ತಲು ಹೊರಗಡೆಯಿಂದ ಮೆಟ್ಟಿಲು. ಈ ಮಾಳಿಗೆಯನ್ನು ನೆನಪಿನಲ್ಲಿಡಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಒಂದು ದಿನ ಯೇಸು ಮನೆಯಲ್ಲಿದ್ದಾನೆಂಬ ಸುದ್ದಿ ಊರಲ್ಲೆಲ್ಲ ಹರಡಿತು. ಜನ ಬಂದರು, ಬರುತ್ತಲೇ ಇದ್ದರು. ಒಳಗೆ ತುಂಬಿ, ಬಾಗಿಲ ಮುಂದೆಯೂ ಕಾಲಿಡಲು ಜಾಗವಿಲ್ಲ. ಆಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಮೇತ ಹೊತ್ತು ತಂದರು. ಜನರನ್ನು ದಾಟಿ ಒಳಗೆ ಹೋಗಲು ಆಗಲೇ ಇಲ್ಲ.

‘ಇವತ್ತು ಆಗಲಿಲ್ಲ, ನಾಳೆ ಬರೋಣ’ ಎಂದು ಹಿಂದಿರುಗಿದ್ದರೆ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಅವರು ಮಾಳಿಗೆ ಹತ್ತಿದರು. ಯೇಸು ಇದ್ದ ಜಾಗಕ್ಕೆ ಸರಿಯಾಗಿ ಮೇಲಿನಿಂದ ಅಗೆದು ತೆರೆದರು. ಹಾಸಿಗೆಯನ್ನು ರೋಗಿಯ ಸಮೇತ ಕೆಳಗಿಳಿಸಿದರು.

ಇಲ್ಲಿ ಮಕ್ಕಳು ತಪ್ಪದೆ ಕೇಳುತ್ತಾರೆ: ‘ಮಾಳಿಗೆ ರಿಪೇರಿ ಮಾಡಿಸಿದ್ದು ಯಾರು? ಮನೆಯವರು ಬೈಯಲಿಲ್ವಾ?’ ಒಳ್ಳೆಯ ಪ್ರಶ್ನೆಯೇ. ಮಾರ್ಕ ಅದನ್ನು ಬರೆದಿಲ್ಲ. ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಉದುರಿರಬೇಕು, ಮಾತು ನಿಂತು ಎಲ್ಲರೂ ಕತ್ತೆತ್ತಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಯೇಸು ಮಾತ್ರ ಬೈಯಲಿಲ್ಲ. ಅವನು ‘ಅವರ ನಂಬಿಕೆಯನ್ನು’ ಕಂಡ ಎಂದು ಮೂವರೂ ಬರೆಯುತ್ತಾರೆ.

ಅವರ ನಂಬಿಕೆ ಕಂಡದ್ದು ಹೇಗೆ? ಈ ಕಥೆಯಲ್ಲಿ ಆ ನಾಲ್ವರು ಒಂದು ಮಾತನ್ನೂ ಆಡುವುದಿಲ್ಲ. ಬೇಡಲಿಲ್ಲ, ‘ಗುಣಪಡಿಸು ಸ್ವಾಮಿ’ ಎಂದು ಕೂಗಲೂ ಇಲ್ಲ. ಕಂಡದ್ದು ಮಣ್ಣಾದ ಕೈ, ಒಡೆದ ಮಾಳಿಗೆ, ಕೆಳಗಿಳಿಯುತ್ತಿರುವ ಗೆಳೆಯ. ಅವರ ನಂಬಿಕೆ ಅಷ್ಟರಲ್ಲೇ ಇತ್ತು.

ಎಲ್ಲರೂ ಕಾಯುತ್ತಿದ್ದದ್ದು ಕಾಲು ಸರಿಹೋಗುವುದನ್ನು. ಆದರೆ ಯೇಸು ಅವನನ್ನು ಮಗನೇ ಎಂದು ಕರೆದು, ನಿನ್ನ ಪಾಪಗಳಿಗೆ ಕ್ಷಮೆ ಸಿಕ್ಕಿದೆ ಎಂದ. ಅಲ್ಲಿ ಕೂತಿದ್ದ ಶಾಸ್ತ್ರಿಗಳಿಗೆ, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಓದಿದವರಿಗೆ, ಇದು ಸರಿಕಾಣಲಿಲ್ಲ. ಪಾಪ ಕ್ಷಮಿಸುವುದು ದೇವರೊಬ್ಬನ ಕೆಲಸ, ಇವನು ಯಾರು ಎಂದು ಮನಸ್ಸಿನಲ್ಲೇ ಅಂದುಕೊಂಡರು. ಅವರ ಧರ್ಮದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಯೇಸು ಅವರಿಗೊಂದು ಮರುಪ್ರಶ್ನೆ ಹಾಕಿದ: ಕ್ಷಮೆ ಸಿಕ್ಕಿದೆ ಅನ್ನುವುದು ಸುಲಭವೋ, ಎದ್ದು ನಡೆ ಅನ್ನುವುದು ಸುಲಭವೋ?

ಯೋಚಿಸಿ ನೋಡಿ. ಕ್ಷಮೆ ಸಿಕ್ಕಿತೋ ಇಲ್ಲವೋ ಯಾರಿಗೂ ಕಾಣದು. ‘ಎದ್ದು ನಡೆ’ ಎಂದರೆ ಮರುಗಳಿಗೆಯಲ್ಲೇ ಪರೀಕ್ಷೆ. ಕಾಣದ ಕ್ಷಮೆಗೆ ಕಾಣುವ ಗುರುತಾಗಿ ಯೇಸು ಆ ಎರಡನೆಯದನ್ನೂ ಹೇಳಿದ. ಅವನು ಎದ್ದ, ಹಾಸಿಗೆ ಎತ್ತಿಕೊಂಡು ಎಲ್ಲರ ಎದುರೇ ನಡೆದುಹೋದ. ಬರುವಾಗ ಅವನನ್ನು ಹೊತ್ತದ್ದು ಹಾಸಿಗೆ. ಹೋಗುವಾಗ ಹಾಸಿಗೆಯನ್ನು ಅವನು ಹೊತ್ತ.

ಕ್ರೈಸ್ತರ ಬಹಳ ಹಳೆಯ ಚಿತ್ರಗಳಲ್ಲೊಂದು ಇದೇ ದೃಶ್ಯದ್ದು. ಸಿರಿಯಾದ ಯೂಫ್ರೆಟಿಸ್ ನದಿಯ ದಡದ ದೂರಾ ಯೂರೋಪಸ್ ಎಂಬ ಊರಿನಲ್ಲಿ, ಪ್ರಾರ್ಥನೆಗೆಂದು ಬಳಸುತ್ತಿದ್ದ ಮನೆಯೊಂದರ ಗೋಡೆಯ ಮೇಲೆ, ಮೂರನೆಯ ಶತಮಾನದಲ್ಲಿ ಯಾರೋ ಬರೆದದ್ದು. ಮಲಗಿರುವ ರೋಗಿ ಒಂದು ಕಡೆ, ಮಂಚವನ್ನೇ ಬೆನ್ನ ಮೇಲೆ ಹೊತ್ತು ಹೊರಟ ಅದೇ ಮನುಷ್ಯ ಇನ್ನೊಂದು ಕಡೆ. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಈ ಕಥೆ ಹೇಳುವಾಗ ಎರಡು ಮಾತು ಸೇರಿಸದೆ ನಾನು ಮುಗಿಸುವುದಿಲ್ಲ.

ಒಂದು ಮಕ್ಕಳಿಗೆ. ಯೇಸು ಕ್ಷಮೆಯ ಮಾತಾಡಿದನೆಂದು, ಕಾಯಿಲೆ ಬಂದವರೆಲ್ಲ ಪಾಪ ಮಾಡಿದವರು ಎಂದುಕೊಳ್ಳಬೇಡಿ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಎಂದವನು ಇದೇ ಯೇಸು. ನಿಮ್ಮ ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಬರುವ ಗೆಳೆಯನಿದ್ದರೆ, ‘ಯಾವ ಜನ್ಮದ ಪಾಪವೋ’ ಎಂದು ದೊಡ್ಡವರು ಯಾರಾದರೂ ಅಂದರೆ, ಆ ಮಾತನ್ನು ನೀವು ಕಲಿಯಬೇಡಿ.

ಇನ್ನೊಂದು ಅಜ್ಜ ಅಜ್ಜಿಯರಿಗೆ. ಪ್ರಾರ್ಥಿಸಿದವರೆಲ್ಲ ಎದ್ದು ನಡೆಯುವುದಿಲ್ಲ; ವರ್ಷಗಟ್ಟಲೆ ಬೇಡಿಕೊಂಡೂ ಹಾಸಿಗೆಯಲ್ಲೇ ಉಳಿದವರು ನಮ್ಮ ಮನೆಗಳಲ್ಲಿದ್ದಾರೆ. ‘ನನ್ನ ನಂಬಿಕೆಯೇ ಸಾಲದೇನೋ’ ಎಂಬ ಕೊರಗು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ. ಅಂಥವರು ಕಥೆಯ ಕ್ರಮವನ್ನು ನೋಡಬೇಕು. ಯೇಸು ಆ ಮನುಷ್ಯನನ್ನು ಮಗನೇ ಎಂದು ಕರೆದಾಗ ಅವನಿನ್ನೂ ಮಲಗಿಯೇ ಇದ್ದ. ಕ್ಷಮೆ ಸಿಕ್ಕಾಗಲೂ ಮಲಗಿಯೇ ಇದ್ದ. ಎದ್ದ ಮೇಲೆ ಮಗನಾದದ್ದಲ್ಲ. ಮೇಲಾಗಿ ಅಂದು ಕಂಡದ್ದು ಅವನೊಬ್ಬನ ನಂಬಿಕೆಯಲ್ಲ, ‘ಅವರ’ ನಂಬಿಕೆ. ತನಗೆ ಶಕ್ತಿ ಸಾಲದ ದಿನ ಗೆಳೆಯರು ಅವನ ಪರವಾಗಿ ನಂಬಿದರು. ಗುಣಪಡಿಸುವ ವಿದ್ಯೆ ಅವರಲ್ಲಿ ಯಾರಿಗೂ ಇರಲಿಲ್ಲ. ಅವನನ್ನು ಒಂಟಿಯಾಗಿ ಬಿಡದೆ ಹೊತ್ತು ತರುವುದಷ್ಟೇ ಅವರಿಂದ ಆದದ್ದು, ಅದನ್ನು ಮಾಡಿದರು.

ಹಾಸಿಗೆಗೆ ನಾಲ್ಕು ಮೂಲೆ. ಒಬ್ಬನೇ ಹಿಡಿದರೆ ಎಳೆಯಬೇಕಾಗುತ್ತದೆ, ನಾಲ್ವರು ಹಿಡಿದರೆ ಎತ್ತಬಹುದು. ಮಕ್ಕಳೇ, ಈ ವಾರ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ: ‘ನಿಮ್ಮ ಕಷ್ಟಕಾಲದಲ್ಲಿ ನಿಮ್ಮ ಹಾಸಿಗೆಯ ಮೂಲೆ ಹಿಡಿದವರು ಯಾರು?’ ಅವರು ಹೇಳುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ನೀವು ಯಾರ ಹಾಸಿಗೆಯ ಮೂಲೆ ಹಿಡಿಯಬಹುದು ಎಂದು ಅವರ ಜೊತೆ ಕೂತು ಯೋಚಿಸಿ.