ಮೈನ್‌ಕ್ರಾಫ್ಟ್ ಆಟದಲ್ಲಿ ಗುಪ್ತಬಲೆಗಳ ಪ್ರಯೋಜನ

ಆಟವೆಂಬುದು ಮಗುವಿನ ಮೊದಲ ಪಾಠಶಾಲೆ. ಮರಳಿನಲ್ಲಿ ಗುಳಿ ತೋಡಿ, ಮೇಲೆ ಕಡ್ಡಿಗಳನ್ನು ಹರವಿ, ಮಣ್ಣು ಮುಚ್ಚಿ, ಗೆಳೆಯನ ಕಾಲು ಅದರಲ್ಲಿ ಇಳಿಯುವುದನ್ನೇ ಕಾಯುವ ಚೇಷ್ಟೆ ಎಲ್ಲ ಕಾಲದ ಮಕ್ಕಳಿಗೂ ಸಹಜವಾದುದು. ಅದೇ ಚೇಷ್ಟೆ ಇಂದು ಗಣಕಯಂತ್ರದ ಪರದೆಯ ಮೇಲೆ ಹೊಸ ರೂಪ ತಳೆದಿದೆ. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಮಕ್ಕಳು ರಚಿಸುವ ಗುಪ್ತಬಲೆಗಳನ್ನು ಕಂಡು ಪಾಲಕರೂ ಶಿಕ್ಷಕರೂ ಕಳವಳಗೊಳ್ಳುವುದುಂಟು. ಪರರನ್ನು ಬೀಳಿಸುವ ವಿದ್ಯೆಯನ್ನು ಕಲಿತ ಮಗು ಮುಂದೆ ಏನಾದೀತು ಎಂಬುದು ಅವರ ಶಂಕೆ. ಈ ಶಂಕೆ ಅಲ್ಲಗಳೆಯತಕ್ಕದ್ದಲ್ಲ. ಆದರೆ ಬಲೆಯ ರಚನೆಯನ್ನು ಅರಿಯದೆ ತೀರ್ಪು ಕೊಡುವುದೂ ಉಚಿತವಲ್ಲ.

ಆಟದ ಸ್ವರೂಪ

ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬವರು 2009ರಲ್ಲಿ ಹೊರತಂದ ಈ ಆಟವು 2011ರ ನವೆಂಬರಿನಲ್ಲಿ ಪೂರ್ಣರೂಪವನ್ನು ಪಡೆಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು ನಿರ್ಮಿಸುತ್ತಿದ್ದ ಮೊಜಾಂಗ್ ಸಂಸ್ಥೆಯನ್ನು 250 ಕೋಟಿ ಡಾಲರುಗಳಿಗೆ ಕೊಂಡಿತು. 2016ರಲ್ಲಿ ಶಾಲೆಗಳಿಗಾಗಿಯೇ ಇದರ ಪ್ರತ್ಯೇಕ ಆವೃತ್ತಿ ಹೊರಬಂದಿತು. 2023ರ ವೇಳೆಗೆ ಮಾರಾಟವಾದ ಪ್ರತಿಗಳ ಸಂಖ್ಯೆ 30 ಕೋಟಿಯನ್ನು ಮೀರಿತ್ತು.

ಈ ಲೋಕದಲ್ಲಿ ಮಣ್ಣು, ಕಲ್ಲು, ಮರ ಎಲ್ಲವೂ ಒಂದೊಂದು ಮೀಟರಿನ ಘನಾಕೃತಿಗಳು. ಅವುಗಳನ್ನು ಅಗೆದು ತೆಗೆದು, ಮತ್ತೆ ಜೋಡಿಸಿ ಆಟಗಾರನು ಮನೆ, ಕೋಟೆ, ಸುರಂಗಗಳನ್ನು ಕಟ್ಟುತ್ತಾನೆ. ಇಲ್ಲಿ ಒಂದು ಹಗಲಿರುಳಿನ ಅವಧಿ 20 ನಿಮಿಷ. ಕತ್ತಲಾದೊಡನೆ ಜೀವಂತ ಶವಗಳೂ ಬಿಲ್ಲು ಹಿಡಿದ ಅಸ್ಥಿಪಂಜರಗಳೂ ಸಂಚರಿಸತೊಡಗುತ್ತವೆ. ಆಟಗಾರನು ಸತ್ತರೆ ಅವನು ಹೊತ್ತಿದ್ದ ಸಾಮಗ್ರಿಯೆಲ್ಲ ಬಿದ್ದ ಸ್ಥಳದಲ್ಲಿಯೇ ಚೆಲ್ಲುತ್ತದೆ. 5 ನಿಮಿಷಗಳೊಳಗೆ ಹಿಂದಿರುಗಿ ಎತ್ತಿಕೊಳ್ಳದಿದ್ದರೆ ಮಾಯವಾಗಬಹುದು. ಹಲವು ಗಂಟೆಗಳ ದುಡಿಮೆ ಹೀಗೆ ಕ್ಷಣದಲ್ಲಿ ಕಳೆದುಹೋಗುವುದರಿಂದ ಇಲ್ಲಿನ ಬಲೆ ಕೇವಲ ವಿನೋದದ ವಸ್ತುವಲ್ಲ.

ರಕ್ಷಣೆ ಮತ್ತು ಸಂಗ್ರಹ

ಬಲೆಯ ಮೊದಲ ಪ್ರಯೋಜನ ಆತ್ಮರಕ್ಷಣೆ. ಮನೆಯ ಸುತ್ತ ಆಳವಾದ ಗುಂಡಿ ತೋಡಿದರೆ ಇರುಳಿನ ಶತ್ರುಗಳಲ್ಲಿ ಹಲವು ಬಾಗಿಲನ್ನು ತಲುಪುವ ಮುನ್ನವೇ ಸೆರೆಯಾಗುತ್ತವೆ. ಎರಡನೆಯದು ಸಂಗ್ರಹ. ರಾಕ್ಷಸರು ಹುಟ್ಟುವುದು ಕತ್ತಲಲ್ಲಿ ಎಂಬ ನಿಯಮವನ್ನು ಅರಿತವನು ಬೆಳಕಿಲ್ಲದ ಕೋಣೆಯೊಂದನ್ನು ಎತ್ತರದಲ್ಲಿ ಕಟ್ಟಿ, ಹರಿಯುವ ನೀರಿನಿಂದ ಅವರನ್ನು ಅಂಚಿಗೆ ತಳ್ಳಿ ಕೆಳಗೆ ಬೀಳಿಸುತ್ತಾನೆ. ಮೊದಲ 3 ಮೀಟರುಗಳ ಬೀಳುವಿಕೆಯಿಂದ ಹಾನಿಯಿಲ್ಲ. ಅನಂತರ ಪ್ರತಿ ಮೀಟರಿಗೆ ಒಂದು ಅಂಶದಷ್ಟು ಪ್ರಾಣಶಕ್ತಿ ಕುಗ್ಗುತ್ತದೆ. 20 ಅಂಶಗಳ ಶಕ್ತಿಯುಳ್ಳ ಜೀವಿ, ಕವಚ ಧರಿಸಿರದಿದ್ದರೆ, 23 ಮೀಟರುಗಳಿಂದ ಬಿದ್ದು ಸಾಯುತ್ತದೆ. 22 ಮೀಟರುಗಳಿಂದ ಬಿದ್ದರೆ ಒಂದೇ ಅಂಶ ಉಳಿಯುತ್ತದೆ. ಯಾವ ಒತ್ತಾಯವೂ ಇಲ್ಲದೆ ಮಗು ಇಲ್ಲಿ ಲೆಕ್ಕ ಮಾಡುತ್ತದೆ.

ಬಲೆಯೊಳಗಿನ ತರ್ಕ

ಮೂರನೆಯ ಪ್ರಯೋಜನವೇ ಶಿಕ್ಷಕರ ಗಮನಕ್ಕೆ ಅತ್ಯಂತ ಅರ್ಹವಾದುದು. ನೆಲದಡಿ ದೊರೆಯುವ ರೆಡ್‌ಸ್ಟೋನ್ ಎಂಬ ಕೆಂಪು ಅದಿರಿನ ಪುಡಿಯನ್ನು ಸಾಲಾಗಿ ಹರಡಿದರೆ ಅದು ತಂತಿಯಂತೆ ಸಂಕೇತವನ್ನು 15 ಘನಗಳ ದೂರಕ್ಕೆ ಒಯ್ಯುತ್ತದೆ. ನೆಲದ ಮೇಲಿನ ಒತ್ತುಹಲಗೆಯನ್ನು ತುಳಿದಾಗ ಸಂಕೇತ ಹುಟ್ಟುತ್ತದೆ. ಅಂಟುಳ್ಳ ಪಿಸ್ಟನ್ನು ಸಂಕೇತ ಬಂದಾಗ ಮುಂದೆ ಚಾಚಿ ಕಲ್ಲನ್ನು ತಳ್ಳುತ್ತದೆ. ಸಂಕೇತ ನಿಂತಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ತುಳಿದವನ ಮುಂದೆ ನೆಲ ತೆರೆದುಕೊಳ್ಳಬೇಕೆಂದು ಭಾವಿಸೋಣ. ಗುಂಡಿಯನ್ನು ಮುಚ್ಚಿರುವ ಕಲ್ಲನ್ನು ಹಿಡಿದುಕೊಂಡಿರುವುದು ಚಾಚಿರುವ ಪಿಸ್ಟನ್ನು. ಅದು ಹಿಂದೆ ಸರಿಯಬೇಕಾದರೆ ಸಂಕೇತ ನಿಲ್ಲಬೇಕು. ಆದರೆ ತುಳಿಯುವುದರಿಂದ ಸಂಕೇತ ನಿಲ್ಲುವುದಿಲ್ಲ, ಹುಟ್ಟುತ್ತದೆ! ಈ ತೊಡಕಿಗೆ ಪರಿಹಾರ ರೆಡ್‌ಸ್ಟೋನ್ ಪಂಜು. ತಾನು ಆತುಕೊಂಡಿರುವ ಕಲ್ಲಿಗೆ ಸಂಕೇತ ಬಂದರೆ ಪಂಜು ಆರುತ್ತದೆ, ಬಾರದಿದ್ದರೆ ಉರಿಯುತ್ತದೆ. ಹೌದನ್ನು ಅಲ್ಲವಾಗಿಸುವ ಈ ಸಾಧನವೇ ತರ್ಕಶಾಸ್ತ್ರದ ನಿಷೇಧ. ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ಚಿಂತನೆಯ ನಿಯಮಗಳನ್ನು ಬೀಜಗಣಿತದ ರೂಪಕ್ಕೆ ಇಳಿಸಿದನು. ಕ್ಲಾಡ್ ಶ್ಯಾನನ್ 1937ರ ತನ್ನ ಪ್ರಬಂಧದಲ್ಲಿ ಆ ಬೀಜಗಣಿತವು ವಿದ್ಯುತ್ ಸ್ವಿಚ್ಚುಗಳ ಜಾಲಕ್ಕೆ ಅನ್ವಯಿಸುವುದನ್ನು ತೋರಿಸಿದನು. ಇಂದಿನ ಗಣಕಯಂತ್ರಗಳು ನಿಂತಿರುವುದು ಇದೇ ತಳಹದಿಯ ಮೇಲೆ. ಗುಂಡಿಯ ಮುಚ್ಚಳವೊಂದನ್ನು ಸರಿಸಲು ಹೊರಟ ಬಾಲಕನು ತನಗರಿವಿಲ್ಲದೆಯೇ ಅಲ್ಲಿಗೆ ಬಂದು ನಿಲ್ಲುತ್ತಾನೆ.

ಮುಂದೆ ಕಾಲದ ಪ್ರಶ್ನೆ. ಗುಂಡಿ ಬೇಗ ತೆರೆದರೆ ಬರುವವನು ಕಂಡು ನಿಲ್ಲುತ್ತಾನೆ, ತಡವಾದರೆ ದಾಟಿಬಿಡುತ್ತಾನೆ. ನಡೆಯುವವನ ವೇಗ ಸೆಕೆಂಡಿಗೆ ಸುಮಾರು 4.3 ಮೀಟರು, ಓಡುವವನದು ಸುಮಾರು 5.6. ಹಲಗೆಯಿಂದ 4 ಮೀಟರು ದೂರದ ಗುಂಡಿಯನ್ನು ಮೊದಲನೆಯವನು 0.9 ಸೆಕೆಂಡಿನಲ್ಲಿಯೂ ಎರಡನೆಯವನು 0.7 ಸೆಕೆಂಡಿನಲ್ಲಿಯೂ ಮುಟ್ಟುತ್ತಾನೆ. ಸಂಕೇತವನ್ನು 0.1ರಿಂದ 0.4 ಸೆಕೆಂಡಿನವರೆಗೆ ತಡೆದು ಕಳುಹಿಸುವ ರಿಪೀಟರುಗಳನ್ನು ಜೋಡಿಸಿ ಈ ಕಾಲವನ್ನು ಹೊಂದಿಸಬೇಕು. ಮೊದಲ ಯತ್ನದಲ್ಲಿಯೇ ಇದು ಸರಿಹೋಗುವುದು ವಿರಳ. ಕಟ್ಟಿ, ಕೆಟ್ಟು, ಕಾರಣ ಹುಡುಕಿ, ತಿದ್ದುವ ತಾಳ್ಮೆಯೇ ಇಲ್ಲಿನ ನಿಜವಾದ ಗಳಿಕೆ.

ಎಚ್ಚರದ ಪಾಠ

ಬಲೆಯನ್ನು ಒಡ್ಡುವವನು ಕಲಿಯುವಂತೆ, ತಪ್ಪಿಸಿಕೊಳ್ಳುವವನೂ ಕಲಿಯುತ್ತಾನೆ. ಆಟದ ಮರುಭೂಮಿಯ ದೇಗುಲದ ಅಡಿಯಲ್ಲಿ ನಾಲ್ಕು ನಿಧಿಪೆಟ್ಟಿಗೆಗಳಿವೆ. ನಡುವೆ ಒಂದು ಒತ್ತುಹಲಗೆ, ಅದರ ಕೆಳಗೆ 9 ಸಿಡಿಮದ್ದಿನ ಘನಗಳು. ಆತುರಗಾರನು ಹಲಗೆಯ ಮೇಲೆ ಧುಮುಕಿ ನಿಧಿಯೊಡನೆ ನಾಶವಾಗುತ್ತಾನೆ. ವಿವೇಕಿಯು ಬದಿಯಿಂದ ಇಳಿದು ಮೊದಲು ಹಲಗೆಯನ್ನು ಕಿತ್ತುಹಾಕುತ್ತಾನೆ. ಸಂಕೇತ ಹೊರಡಿಸುವ ಮೋಸದ ಪೆಟ್ಟಿಗೆಗೂ ಚಿಲಕದ ಸುತ್ತ ಕೆಂಪು ಛಾಯೆಯೊಂದಿದೆ. ನೋಡಬಲ್ಲವನಿಗೆ ಸುಳಿವು ಉಂಟು.

ಪರರಿಗೆ ತೋಡಿದ ಗುಂಡಿಯಲ್ಲಿ ತಾನೇ ಬಿದ್ದನೆಂಬ ಗಾದೆಯೂ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಕಲ್ಲಿನ ಹಲಗೆಗೆ ಮಿತ್ರನೂ ಶತ್ರುವೂ ಒಂದೇ, ಕಟ್ಟಿದವನೂ ಒಂದೇ. ಕಬ್ಬಿಣದ ಬಾಗಿಲಿನ ಹೊರಗೆ ಅದನ್ನು ಹಾಸಿ ನೆಮ್ಮದಿಯಾಗಿ ಮಲಗಿದವನ ಮನೆಯನ್ನು ಜೀವಂತ ಶವವೊಂದು ಅದನ್ನೇ ತುಳಿದು ಪ್ರವೇಶಿಸುತ್ತದೆ.

ಮಿತಿ

ಇಷ್ಟಾದರೂ ಆರಂಭದ ಶಂಕೆ ಉಳಿದೇ ಇದೆ. ಹಲವರು ಕೂಡಿ ಆಡುವಾಗ ಬಲೆಗೆ ಬೀಳುವುದು ಯಂತ್ರಸೃಷ್ಟಿಯ ರಾಕ್ಷಸನಲ್ಲ, ಸಹಪಾಠಿ. ಮಯಸಭೆಯಲ್ಲಿ ನೀರನ್ನು ನೆಲವೆಂದು ಭ್ರಮಿಸಿ ಬಿದ್ದ ದುರ್ಯೋಧನನನ್ನು ನೋಯಿಸಿದ್ದು ನೀರಲ್ಲ, ಸುತ್ತಲಿನವರ ನಗೆ. ಆ ನಗೆಯ ಫಲವನ್ನು ಕಥೆ ಬಲ್ಲವರೆಲ್ಲ ಬಲ್ಲರು. ಬಲೆಗಳುಂಟೆಂದು ಎಲ್ಲರೂ ಮೊದಲೇ ಒಪ್ಪಿ ಆಡಿದಾಗ ಅದು ಬುದ್ಧಿಯ ಪಂದ್ಯ. ನಂಬಿ ಬಂದ ಗೆಳೆಯನ ದುಡಿಮೆಯನ್ನು ನಾಶಮಾಡಲು ಒಡ್ಡಿದಾಗ ಅದು ವಂಚನೆ. ಉಪಕರಣ ಒಂದೇ, ಒಪ್ಪಿಗೆಯೊಂದೇ ಭೇದ.

ಆದುದರಿಂದ ಶಿಕ್ಷಕನಾದವನು ಬಲೆಯನ್ನು ನಿಷೇಧಿಸಬೇಕಾಗಿಲ್ಲ. ಬಿದ್ದವನ ವಸ್ತುಗಳನ್ನು ಹಿಂದಿರುಗಿಸಬೇಕು, ಬಲೆಯ ಒಳರಚನೆಯನ್ನು ಅವನಿಗೆ ಬಿಚ್ಚಿ ತೋರಿಸಬೇಕು ಎಂಬ ಎರಡು ಕಟ್ಟಳೆಗಳನ್ನು ವಿಧಿಸಿದರೆ ಸಾಕು. ಆಗ ಬೀಳಿಸಿದವನೇ ಕಲಿಸುವವನಾಗುತ್ತಾನೆ. ಬಿದ್ದವನು ಅವಮಾನದ ಬದಲು ವಿದ್ಯೆಯೊಂದನ್ನು ಪಡೆದು ಮೇಲೇಳುತ್ತಾನೆ.