ಎರಡು ಬೆಳಕುಗಳ ಹೊಂದಾಣಿಕೆ

ಛಾಯಾಗ್ರಹಣಕ್ಕೂ ನಮ್ಮ ನೀಲಗಿರಿಗೂ ನಂಟುಂಟು. ಭಾರತ ಸರ್ಕಾರವು 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯು ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಗಿದೆ. ಕ್ಯಾಮೆರಾ ಮಾತ್ರ ಮನೆಮನೆಗೂ ಬಂದಿದೆ.

ಆದರೂ ಒಂದು ದೋಷವು ಅನೇಕ ಚಿತ್ರಗಳಲ್ಲಿ ಕಾಣುತ್ತದೆ. ಸಂಜೆ ಅಂಗಳದಲ್ಲಿ ಅಜ್ಜಿಯನ್ನು ಕುಳ್ಳಿರಿಸಿ ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದಂತಾಗಿ, ಹಿಂದಿನ ಚಹಾ ತೋಟ, ಬೆಟ್ಟಗಳು ಕತ್ತಲಲ್ಲಿ ಮುಳುಗುತ್ತವೆ. ಫ್ಲ್ಯಾಶ್ ಇಲ್ಲದಿದ್ದರೆ ಬಾನು ಮೂಡಿ, ಮುಖ ಕಪ್ಪಾಗುತ್ತದೆ. ಎರಡೂ ಉಳಿಯುವ ಬಗೆ ಹೇಗೆ?

ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ದೂರ. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 2 ಮೀಟರಿನಲ್ಲಿ ಬೀಳುವ ಬೆಳಕಿನ ನಾಲ್ಕನೆಯ ಒಂದು ಪಾಲು ಮಾತ್ರ 4 ಮೀಟರಿನಲ್ಲಿ ಬೀಳುವುದು. 8 ಮೀಟರಿನಲ್ಲಿ ಹದಿನಾರನೆಯ ಒಂದು ಪಾಲು. ಆದಕಾರಣ ಬೆಟ್ಟವನ್ನು ಬೆಳಗತಕ್ಕದ್ದು ಬಾನಿನ ಬೆಳಕೊಂದೇ.

ಎರಡನೆಯದು ಕಾಲ. ಫ್ಲ್ಯಾಶ್ ಹೊಳೆಯುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲು, ಅಥವಾ ಇನ್ನೂ ಕಡಿಮೆ. ಷಟರು 1/60 ಸೆಕೆಂಡು ತೆರೆದಿರಲಿ, 1/15 ಸೆಕೆಂಡು ತೆರೆದಿರಲಿ, ಅದು ಕೊಡುವ ಬೆಳಕು ಒಂದೇ. ಬಾನಿನ ಬೆಳಕಾದರೋ ಷಟರು ತೆರೆದಿರುವಷ್ಟು ಹೊತ್ತೂ ಒಳಗೆ ಹರಿಯುತ್ತದೆ. 1/15ರಲ್ಲಿ ಅದು ನಾಲ್ಕು ಪಟ್ಟು. ಮಸೂರದ ರಂಧ್ರವು ಎರಡು ಬೆಳಕುಗಳನ್ನೂ ಆಳುತ್ತದೆ; ಷಟರಿನ ಕಾಲವು ಬಾನಿನ ಬೆಳಕನ್ನು ಮಾತ್ರ.

ಆದ್ದರಿಂದ ಮೊದಲು ಫ್ಲ್ಯಾಶ್ ಇಲ್ಲದೆ, ಬೆಟ್ಟ ಚೆನ್ನಾಗಿ ಮೂಡುವಂತೆ ರಂಧ್ರವನ್ನೂ ಷಟರನ್ನೂ ಹೊಂದಿಸಬೇಕು. ಅನಂತರ ಫ್ಲ್ಯಾಶಿನ ಬಲವನ್ನು ತಗ್ಗಿಸಿ, ಮುಖಕ್ಕೆ ಬೇಕಾದಷ್ಟನ್ನೇ ಕೊಡಬೇಕು. ಷಟರು ಹೆಚ್ಚು ಹೊತ್ತು ತೆರೆದಿರುವಾಗ ಕ್ಯಾಮೆರಾ ಅಲುಗಬಾರದು. ಅದನ್ನು ಸ್ಟ್ಯಾಂಡಿನ ಮೇಲೋ ಗೋಡೆಯ ಮೇಲೋ ಇರಿಸುವುದು ಲೇಸು. ಮೊಬೈಲಿನ ದೀಪಕ್ಕೆ ಇಷ್ಟು ಬಲವಿಲ್ಲ. ಅದರಲ್ಲಿ ತೆಗೆಯುವವರು ಬೆಳಕಿರುವ ಕಡೆಗೆ ಮುಖ ತಿರುಗಿಸಿ ಕುಳ್ಳಿರಿಸಿದರೆ ಸಾಕು.

ನಮ್ಮ ಸೀಮೆಯಲ್ಲಿ ಇನ್ನೆರಡು ಎಚ್ಚರಗಳು ಬೇಕು. ಮಂಜು ಕವಿದಾಗ ಅದರ ಹನಿಗಳು ಫ್ಲ್ಯಾಶಿನ ಬೆಳಕನ್ನು ಕ್ಯಾಮೆರಾದ ಕಡೆಗೇ ಮರಳಿಸಿ ಬಿಳಿಯ ತೆರೆ ಎಳೆಯುತ್ತವೆ. ಆಗ ಫ್ಲ್ಯಾಶನ್ನು ಆರಿಸಿಬಿಡಬೇಕು. ಬಡಗರ ಹೆತ್ತೆ ಹಬ್ಬದ ಬಿಳಿಯ ಉಡುಪುಗಳು ಬೆಳಕನ್ನು ಬಹಳವಾಗಿ ಮರಳಿಸುವುದರಿಂದ ಅಲ್ಲಿ ಅದರ ಬಲ ಇನ್ನೂ ಕಡಿಮೆಯಿರಬೇಕು. ಮಸಿನಗುಡಿ, ತೆಪ್ಪಕಾಡುಗಳ ಕಾಡುದಾರಿಯಲ್ಲಂತೂ ಆನೆಯ ಕಣ್ಣಿಗೆ ಫ್ಲ್ಯಾಶ್ ಹಾಕಲೇಬಾರದು. ಬೆದರಿದ ಆನೆ ಮೈಮೇಲೆ ಬರಬಹುದು.

ಮುಂದೆ ಮೊಮ್ಮಕ್ಕಳು ಚಿತ್ರವನ್ನು ನೋಡಿ ಅಜ್ಜಿ ಹೇಗಿದ್ದರೆಂಬುದನ್ನು ಮಾತ್ರವಲ್ಲ, ಎಲ್ಲಿ ಬಾಳಿದರೆಂಬುದನ್ನೂ ತಿಳಿಯಬೇಕು. ಎರಡು ಬೆಳಕುಗಳನ್ನು ಹದವಾಗಿ ಬೆರೆಸುವುದು ಇದಕ್ಕಾಗಿಯೇ.