ರಾಕ್ಷಸ ಪಾರ್ಟಿ

ಪುಣೆ ಕ್ಯಾಂಪಿನ ಮಗ್ಗುಲಲ್ಲಿ, ಸೋಲಾಪುರ ರಸ್ತೆಗೆ, ಸೇನಾ ವೈದ್ಯಕೀಯ ಕಾಲೇಜಿದೆ. ಹರೆಯದಲ್ಲಿ ಅಲ್ಲಿ ತೋಟದ ಮಾಲಿಯಾಗಿ ದುಡಿದ ನಿಳೂ ಫುಲೆ ಮುಂದೆ ಮರಾಠಿ ನಾಡು ಬೈದು ಬೈದೇ ಮೆಚ್ಚಿಕೊಂಡ ಖಳನಟರಾದರು. 1972ರಲ್ಲಿ ರಂಗಕ್ಕೆ ಬಂದ ವಿಜಯ ತೆಂಡೂಲ್ಕರರ 'ಸಖಾರಾಮ್ ಬೈಂಡರ್' ನಾಟಕದ ಸಖಾರಾಮ ಇವರೇ. 1975ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋದ 'ಸಾಮನಾ' ಚಿತ್ರದ ಸಕ್ಕರೆ ಕಾರ್ಖಾನೆ ದೊರೆ ಹಿಂದೂರಾವ್ ಕೂಡ ಇವರೇ. ಮನುಷ್ಯ ಮಾತ್ರ ರಾಷ್ಟ್ರ ಸೇವಾ ದಳದ ಕಾರ್ಯಕರ್ತ, ಸರಳ ಜೀವಿ. ಆದರೂ ಹಳ್ಳಿಗಳಲ್ಲಿ ಇವರನ್ನು ಕಂಡರೆ ಹೆಂಗಸರು ಶಾಪ ಹಾಕುತ್ತಿದ್ದರಂತೆ. ಖಳನಟನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೆ?

ನಮ್ಮ ಕನ್ನಡದಲ್ಲಿ ಖಳನಟ ವಜ್ರಮುನಿಯವರ ಹೆಸರು ನಾಟಕ ಮಂದಿಯ ಬಾಯಿಗೆ ಬಿದ್ದದ್ದು ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದ ರಾವಣನಾಗಿ. ತೆಂಕುತಿಟ್ಟಿನ ಯಕ್ಷಗಾನದಲ್ಲಿ 'ದೇವಿ ಮಹಾತ್ಮೆ' ಆಡುವಾಗ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ಅಬ್ಬರಿಸುತ್ತ ನಡುವೆ ನುಗ್ಗಿ ಬರುತ್ತಾನೆ. ತೂಕಡಿಸುತ್ತಿದ್ದವರೂ ಎದ್ದು ನಿಲ್ಲುವುದು ಆಗಲೇ. ಇಂಥ ರಾಕ್ಷಸರ ಬಣ್ಣದ ವೇಷಕ್ಕೆ ಮುಖದ ಮೇಲೆ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು, ಆದರೂ ಆ ವೇಷಕ್ಕೆ ಆಸೆಪಡುವವರಿಗೆ ಬರವಿಲ್ಲ. ಧರ್ಮರಾಯನ ವೇಷಕ್ಕಾಗಿ ಜಗಳ ಆಡಿದವರನ್ನು ನಾನಂತೂ ಕಂಡಿಲ್ಲ.

ಈ ವೇಷಧಾರಿಗಳಿಗೆ ಮೇಳವಿದೆ, ಸಂಬಳವಿದೆ, ಚಪ್ಪಾಳೆಯಿದೆ. ಪುಣೆ ಕ್ಯಾಂಪಿನ ಯಾವುದೋ ಫ್ಲಾಟಿನಲ್ಲಿ ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುವ ಕಾಲೇಜು ಹುಡುಗನಿಗೋ ಹುಡುಗಿಗೋ ಇದ್ಯಾವುದೂ ಇಲ್ಲ. ಆದರೂ ಆನ್‌ಲೈನ್ ಆಟಕ್ಕೆ ಕೈಯಿಂದಲೇ ದುಡ್ಡು ಕೊಟ್ಟು, ಒಳ್ಳೆಯವರು ಕೆಟ್ಟವರು ಎಂದು ಎರಡು ಬಣ ಮುಂದಿಟ್ಟರೆ ಕೆಟ್ಟವರ ಬಣವನ್ನೇ ಆರಿಸಿಕೊಳ್ಳುತ್ತಾರೆ. ಯಾಕೆ?

ಮೊದಲು ಆಟದ ರೀತಿ ತಿಳಿಯೋಣ. ಆನ್‌ಲೈನ್ ಪಾತ್ರಾಭಿನಯದ ಆಟಗಳಲ್ಲಿ ಸಾವಿರಾರು ಜನ ಒಂದೇ ಕಲ್ಪಿತ ಲೋಕದೊಳಗೆ, ತಾವೇ ರೂಪಿಸಿಕೊಂಡ ಪಾತ್ರವಾಗಿ ಬದುಕುತ್ತಾರೆ. 1999ರ 'ಎವರ್‌ಕ್ವೆಸ್ಟ್' ಆಟದಲ್ಲಿ ಕರಿಯ ಎಲ್ಫ್, ಟ್ರೋಲ್, ಓಗರ್ ಆಗಿ ಹುಟ್ಟಿದವರು ಸಜ್ಜನರ ಪಟ್ಟಣದ ಬಾಗಿಲಿಗೆ ಹೋದರೆ ಕಾವಲುಗಾರರು ಕಂಡಲ್ಲಿ ಕಡಿಯುತ್ತಿದ್ದರು. ಸಾಮಾನು ಕೊಳ್ಳಲೂ ಕಷ್ಟ. ಗೊತ್ತಿದ್ದೂ ಜನ ಆ ಜಾತಿಗಳನ್ನು ಆರಿಸುತ್ತಿದ್ದರು. ಎಲ್ಲ ಬಾಗಿಲೂ ಮುಚ್ಚಿದಾಗ ಬಾಗಿಲಾಚೆ ನಿಂತವರ ನಡುವೆ ಬೆಳೆಯುವ ಒಗ್ಗಟ್ಟೇ ಬೇರೆ. ಖಳ ಬಣದ ಮೊದಲ ಆಕರ್ಷಣೆ ನನಗೆ ಕಾಣುವುದು ಇದೇ: ಕೆಟ್ಟತನಕ್ಕಿಂತ ಹೆಚ್ಚಾಗಿ ಅಲ್ಲಿನ ಸಹವಾಸ.

2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಈ ಎರಡು ಬಣಗಳ ಆಟವನ್ನು ಲೋಕಪ್ರಸಿದ್ಧ ಮಾಡಿತು. ಒಂದು ಕಡೆ ಅಲಯನ್ಸ್, ಇನ್ನೊಂದು ಕಡೆ ಕೆಟ್ಟವರೆನಿಸಿಕೊಂಡ ಹೋರ್ಡ್. ಇಬ್ಬರೂ ಎದುರಾದರೆ ಮಾತು ಅರ್ಥವಾಗದಂತೆ ಆಟವೇ ಅಕ್ಷರಗಳನ್ನು ಕಲಸಿಬಿಡುತ್ತಿತ್ತು. ಹೋರ್ಡ್‌ನವನು ನಗುತ್ತ 'ಲೋಲ್' ಎಂದು ಬರೆದರೆ ಅಲಯನ್ಸ್‌ನವನ ಪರದೆಯಲ್ಲಿ ಅದು 'ಕೆಕ್' ಎಂದು ಮೂಡುತ್ತಿತ್ತು. ಎರಡೂ ಬಣದವರು ಒಂದೇ ತಂಡ ಕಟ್ಟಿ ಆಡಲು ಅನುಮತಿ ಸಿಕ್ಕಿದ್ದು 2022ರಲ್ಲಿ.

ಈ ಹೋರ್ಡ್‌ನ ಓರ್ಕ್ ಎಂಬ ರಾಕ್ಷಸರು 1994ರ ಮೊದಲ 'ವಾರ್‌ಕ್ರಾಫ್ಟ್'ನಲ್ಲಿ ಬರೀ ರಕ್ತಪಿಪಾಸುಗಳು. 2002ರ ಮೂರನೆಯ ಆಟದಲ್ಲಿ ಬ್ಲಿಜರ್ಡ್ ಕಂಪನಿ ಅವರಿಗೆ ಥ್ರಾಲ್ ಎಂಬ ನಾಯಕನನ್ನು ಕೊಟ್ಟು, ಸೆರೆಯ ನೋವು, ಕಳೆದುಹೋದ ಪೂರ್ವಿಕರ ಧರ್ಮ, ಹೊಸ ನೆಲದ ಹುಡುಕಾಟ ಎಲ್ಲವನ್ನೂ ಕೊಟ್ಟಿತು. ಕನ್ನಡ ಓದುಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ರನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನ ಜತೆ ನಮ್ಮನ್ನು ಹೆಣಗಳ ನಡುವೆ ನಡೆಸಿದವನು. ನಾಗಚಂದ್ರ ತನ್ನ ಜೈನ ರಾಮಾಯಣದಲ್ಲಿ ರಾವಣನಿಗೆ ಪಶ್ಚಾತ್ತಾಪದ ಮನಸ್ಸನ್ನೇ ಕೊಟ್ಟ. ಸಾವಿರ ವರ್ಷದಿಂದ ಎದುರು ಪಕ್ಷದ ಡೇರೆಯೊಳಗೆ ಹೊಕ್ಕು ನೋಡುತ್ತಿರುವವರು ನಾವು.

ಆದರೂ ಒಂದು ಮಾತು. ಶುರುವಿನಲ್ಲಿ ಜನ ಹೆಚ್ಚಿದ್ದದ್ದು ಅಲಯನ್ಸ್ ಕಡೆಗೇ. ಓರ್ಕ್, ಟ್ರೋಲ್, ಕೊಳೆತ ಶವಗಳಾಗಿ ತಿಂಗಳುಗಟ್ಟಲೆ ಬದುಕಲು ಎಲ್ಲರಿಗೂ ಮನಸ್ಸಿಲ್ಲ. 2007ರಲ್ಲಿ ಹೋರ್ಡ್‌ಗೆ ಚೆಂದುಳ್ಳಿ ಬ್ಲಡ್ ಎಲ್ಫ್‌ಗಳು ಸೇರಿದ ಮೇಲೆ ಆ ಕಡೆಯೂ ಜನ ತುಂಬಿದರು. 2011ರ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್'ನಲ್ಲಂತೂ ಕರಿ ನಿಲುವಂಗಿ, ಕೆಂಪು ಕತ್ತಿಯ ಸಿಥ್ ಸಾಮ್ರಾಜ್ಯದ ಕಡೆಗೇ ಮೊದಲಿನಿಂದ ನೂಕುನುಗ್ಗಲು. ಖಳ ಬೇಕು, ಆದರೆ ಠೀವಿಯ ಖಳ ಬೇಕು.

ಇನ್ನೊಂದು ಕಾರಣ ಕಥೆ ಕಟ್ಟುವ ಕಸುಬಿಗೇ ಸೇರಿದ್ದು. ಕಥೆಯಲ್ಲಿ ಮೊದಲು ಕೈ ಹಚ್ಚುವವನು ಖಳ. ರಾವಣ ಸೀತೆಯನ್ನು ಕದಿಯದಿದ್ದರೆ ರಾಮನಿಗೆ ಕಾಡಿನಲ್ಲಿ ಕಾಲ ಕಳೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ನಮ್ಮ ದೇಶದ ಹುಡುಗರು ಮುಗಿಬಿದ್ದು ಆಡುವ, ಯೂಟ್ಯೂಬಿನಲ್ಲಿ ನೇರಪ್ರಸಾರವಾಗುವ ಜಿಟಿಎ ಎಂಬ ಆಟದ ಪಾತ್ರಾಭಿನಯದ ಸರ್ವರುಗಳನ್ನು ನೋಡಿ. ಊರು ಒಂದು, ಪೊಲೀಸರು, ಡಾಕ್ಟರು, ಗ್ಯಾರೇಜಿನವರು, ಗ್ಯಾಂಗುಗಳು ಎಲ್ಲರೂ ಆಟಗಾರರೇ. ಗ್ಯಾಂಗಿನವರು ಬ್ಯಾಂಕಿಗೆ ನುಗ್ಗದ ರಾತ್ರಿ ಪೊಲೀಸರು ಜೀಪಿನಲ್ಲಿ ಆಕಳಿಸುತ್ತ ಕೂರುತ್ತಾರೆ. ನುಗ್ಗಿದರೆ ಊರಿಗೆಲ್ಲ ಕೆಲಸ: ಬೆನ್ನಟ್ಟುವವರಿಗೆ, ಒತ್ತೆಯಾಳಾದವರಿಗೆ, ಗಾಯಕ್ಕೆ ಪಟ್ಟಿ ಕಟ್ಟುವವರಿಗೆ, ಕಡೆಗೆ ವಕೀಲನಿಗೂ.

ಹೊರಗಿನವರಿಗೆ ಗೊತ್ತಿಲ್ಲದ್ದೇನೆಂದರೆ, ಈ ಗೂಂಡಾಗಿರಿಗೆ ಕಟ್ಟುನಿಟ್ಟಾದ ಶಿಸ್ತಿದೆ. ಎದುರಿನವನು ಬಂದೂಕು ಹಿಡಿದರೆ ಕೈ ಎತ್ತಲೇಬೇಕು. ಇದು ಆಟ, ಸತ್ತರೇನು ಎಂದು ಬುಸುಗುಟ್ಟುವಂತಿಲ್ಲ. ಪ್ರಾಣಭಯವನ್ನು ಅಭಿನಯಿಸುವುದು ನಿಯಮ. ಕಾರಣವಿಲ್ಲದೆ ದಾರಿಹೋಕನಿಗೆ ಗುಂಡು ಹೊಡೆದರೆ, ಕಾರು ಹತ್ತಿಸಿದರೆ ಸರ್ವರಿನಿಂದ ಹೊರಕ್ಕೆ. ಗೆಳೆಯನ ನೇರಪ್ರಸಾರ ನೋಡಿ ಅವನು ಅಡಗಿದ ಜಾಗ ತಿಳಿದುಕೊಂಡು ಹೋಗಿ ಹಿಡಿಯುವುದೂ ಅಪರಾಧ, ಏಕೆಂದರೆ ಅದು ಪಾತ್ರಕ್ಕೆ ಗೊತ್ತಿರುವ ವಿಷಯವಲ್ಲ. ಒಳ್ಳೆಯ ಗ್ಯಾಂಗಿನ ಮುಖ್ಯಸ್ಥ ದೋಚಿಸಿಕೊಂಡವನಿಗೂ ಆಡಲು ಒಂದು ಸನ್ನಿವೇಶ ಬಿಟ್ಟು ಹೋಗುತ್ತಾನೆ. ಎದುರು ವೇಷಕ್ಕೆ ಅರ್ಥ ಹೇಳಲು ಜಾಗ ಬಿಡದ ಖಳನನ್ನು ಯಕ್ಷಗಾನದಲ್ಲೂ ಯಾರೂ ಮೆಚ್ಚರು.

ರಾಕ್ಷಸರದ್ದೇ ಒಂದು ತಂಡ ಎಂಬುದು ಪುಣೆ ಕಡೆಯ ರಂಗಭೂಮಿಗೂ ಹಳೆಯ ಪರಿಚಯ, ಅದರ ಬೇರು ಕನ್ನಡ ನೆಲದಲ್ಲಿದೆ. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳ ಸಾಂಗ್ಲಿಯಲ್ಲಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ಸಂಸ್ಥಾನಿಕರು ತಮ್ಮ ಭಾಷೆಯಲ್ಲೂ ಹೀಗೊಂದು ಆಗಲಿ ಎಂದರು; ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದ. ಆ ಕಾಲದ ನಾಟಕ ಮಂಡಳಿಗಳಲ್ಲಿ ಅಸುರರಾಗಿ ಕುಣಿದು ಅಬ್ಬರಿಸುವವರಿಗೆ 'ರಾಕ್ಷಸ ಪಾರ್ಟಿ' ಎಂದೇ ಹೆಸರಿತ್ತು.

ಖಳನ ಮೇಲಿನ ಈ ಒಲವನ್ನು ಮನೋವಿಜ್ಞಾನಿಗಳೂ ಕೆದಕಿದ್ದಾರೆ. ಅಮೆರಿಕದ ರೆಬೆಕಾ ಕ್ರೌಸ್ ಮತ್ತು ಡೆರೆಕ್ ರಕ್ಕರ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ತಮ್ಮನ್ನೇ ಹೋಲುವ ಖಳರ ಕಡೆ ವಾಲುತ್ತಾರೆ, ಆದರೆ ಅದು ಕಥೆ ಎಂಬ ಭದ್ರತೆ ಇರುವಾಗ. ನಿಜ ಜೀವನದಲ್ಲಿ ಅಂಥವನು ಪಕ್ಕದ ಮನೆಗೆ ಬಂದರೆ ದೂರ ಸರಿಯುತ್ತಾರೆ.

ಈ ಭದ್ರತೆಯ ಗೆರೆ ಎಲ್ಲ ಆಟದಲ್ಲೂ ಒಂದೇ ಕಡೆ ಇಲ್ಲ. 2003ರ 'ಈವ್ ಆನ್‌ಲೈನ್' ಬಾಹ್ಯಾಕಾಶದ ಆಟದಲ್ಲಿ ಮೋಸವೂ ಆಟದ ಭಾಗ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಶಿಯಲ್ ಕ್ಲಬ್ ಎಂಬ ಬಣದವರು ಇನ್ನೊಂದು ಸಂಸ್ಥೆಯೊಳಗೆ ತಿಂಗಳುಗಟ್ಟಲೆ ನಂಬಿಗಸ್ತರಾಗಿ ಸೇರಿಕೊಂಡು, ಒಂದು ದಿನ ಅದರ ಮುಖ್ಯಸ್ಥೆಯ ಹಡಗನ್ನು ಉಡಾಯಿಸಿ ಉಗ್ರಾಣ ಬಳಿದುಕೊಂಡು ಹೋದರು. ಆಟದ ಕಂಪನಿ ಶಿಕ್ಷಿಸಲಿಲ್ಲ, ನಿಯಮ ಮುರಿದಿರಲಿಲ್ಲವಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ವೇಷ ಕಳಚಿತ್ತು. ಮೋಸಹೋದವರು ಕಳೆದುಕೊಂಡದ್ದು ಆಟದ ಹಣದ ಜತೆ ನಿಜದ ಸ್ನೇಹವನ್ನೂ. ಇನ್ನು ಹೊಸಬರನ್ನು ಹುಡುಕಿ ಹುಡುಕಿ ಕಾಡುವವರಿದ್ದಾರೆ. ಅವರಿಗೆ ಪಾತ್ರವೂ ಇಲ್ಲ, ಕಥೆಯೂ ಇಲ್ಲ. ಅವರನ್ನು ಖಳರ ಸಾಲಿನಲ್ಲಿ ಕೂರಿಸುವುದು ವಜ್ರಮುನಿಗೆ ಅವಮಾನ.

ಹಾಗಾಗಿ ಮಗಳು ಹೋರ್ಡ್ ಸೇರಿದಳು, ಮಗ ಗ್ಯಾಂಗಿನ ಹೆಸರಿಟ್ಟುಕೊಂಡ ಎಂದು ಗಾಬರಿಯಾಗಬೇಡಿ. ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿ, ನಿಯಮಗಳನ್ನು ಹೇಳಿಸಿಕೊಳ್ಳಿ, ಮೈಕಿನ ಆ ಕಡೆ ಯಾರಿದ್ದಾರೆಂದು ಕೇಳಿ. ವಯಸ್ಸನ್ನು ಮಾತ್ರ ಕಡೆಗಣಿಸಬೇಡಿ: 'ಜಿಟಿಎ 5'ಕ್ಕೆ ಯೂರೋಪಿನ ವಯೋಮಾನ ಗುರುತು 18. ಹನ್ನೆರಡರ ಪೋರನಿಗೆ ಅದು ಕೊಡಿಸುವ ಆಟವಲ್ಲ, ಅವನು ಅದರಲ್ಲಿ ಪೊಲೀಸನಾಗಿ ಆಡುತ್ತೇನೆಂದು ಮಾತು ಕೊಟ್ಟರೂ.